ಗೋಡೆ ಮೇಲೆ ಆನೆ, ತಾರಸಿ ಮೇಲೆ ಒಡೆದ ಬಾಲ್ | ನಮ್ಮ ಕಾಲೋನಿಯ ಭಾನುವಾರ

ನಮಸ್ಕಾರ ಎಲ್ಲರಿಗೂ. ಮೈಸೂರಿನಿಂದ ಮಾತಾಡುತ್ತಿದ್ದೇನೆ. ಇವತ್ತು ನಮ್ಮ ಕಾಲೋನಿಯಲ್ಲಿ ಎಲ್ಲರೂ ಸೇರಿ ಕೆಲಸ ಮಾಡುವ ಭಾನುವಾರ. ಹೊಸದಾಗಿ ನೋಡುತ್ತಿರುವವರಿಗೆ ಬೇಗ ಹೇಳಿಬಿಡುತ್ತೇನೆ. ಇದು ಒಂದು ಟ್ರಸ್ಟ್ ಕಟ್ಟಿಸಿರುವ ಬಾಡಿಗೆ ಮನೆಗಳ ಕಾಲೋನಿ, ರಿಂಗ್ ರೋಡ್ ಕಡೆ. ಹೊರಗಿಗಿಂತ ಬಾಡಿಗೆ ಕಡಿಮೆ, ಅಡ್ವಾನ್ಸೂ ಕಡಿಮೆ. ಗಾರ್ಮೆಂಟ್ಸ್‌ಗೆ ಹೋಗುವವರು, ಆಟೋ ಓಡಿಸುವವರು, ಹೂ ಕಟ್ಟಿ ಮಾರುವವರು, ನನ್ನ ಹಾಗೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಇಲ್ಲಿದ್ದೇವೆ. ಈ ಸಲ ಟ್ರಸ್ಟ್‌ನವರೂ ನಾವೂ ಸೇರಿ ಒಂದಷ್ಟು ಕೆಲಸ ಹಾಕಿಕೊಂಡಿದ್ದೇವೆ. ಅವರು ದುಡ್ಡು ಹಾಕುತ್ತಾರೆ, ನಾವು ಮೈಬಗ್ಗಿಸುತ್ತೇವೆ. ಹೇಳುವುದಕ್ಕೆ ಇಷ್ಟೇ. ಆದರೆ ದುಡ್ಡು ಯಾವ ಕೆಲಸಕ್ಕೆ ಹೋಗಬೇಕು ಅಂತ ಯಾರು ಹೇಳುತ್ತಾರೆ ಅನ್ನೋದರಲ್ಲೇ ಎಲ್ಲ ಇದೆ.

ಗುಡಿಸುವುದನ್ನು ನೋಡುತ್ತಾ ಇರಿ, ಅದಕ್ಕೆ ನನ್ನ ಮಾತು ಬೇಕಾಗಿಲ್ಲ. ಹಸಿರು ಸೀರೆಯವರು ಎದುರುಮನೆ ಅಕ್ಕ. ಅವರು ಪೊರಕೆ ಹಿಡಿದು ಅಂಗಳಕ್ಕೆ ಬಂದರೆ ಸಾಕು, ಉಳಿದವರು ತಾವಾಗಿಯೇ ಇಳಿದು ಬರುತ್ತಾರೆ. ಹಿಂದೆ ಕಾಣುವ ಗುಂಡಿ ಗೊಬ್ಬರದ್ದು. ಒಣಗಿದ ಎಲೆ, ತರಕಾರಿ ಸಿಪ್ಪೆ, ಹೂವಿನಜ್ಜಿ ಬಿಸಾಡುವ ಬಾಡಿದ ಹೂವು, ಎಲ್ಲ ಅದಕ್ಕೇ. ಮೈಸೂರು 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳಲ್ಲಿ ಮೊದಲನೆಯದಾಗಿತ್ತು, ನೆನಪಿದೆಯಲ್ವಾ? ಬೆಳಗಿನ ಜಾವ ರಸ್ತೆಗಿಳಿಯುವ ಪೌರಕಾರ್ಮಿಕರ ಜೊತೆ, ಮನೆಯಲ್ಲೇ ಹಸಿ ಕಸ ಒಣ ಕಸ ಬೇರೆ ಮಾಡಿ ಕೊಟ್ಟವರ ಪಾಲೂ ಅದರಲ್ಲಿತ್ತು. ಕುಂಬಾರಕೊಪ್ಪಲಿನಲ್ಲಿ ಕಸ ಬಿಡಿಸಿ ಗೊಬ್ಬರ ಮಾಡುವ ಘಟಕ ನಡೆದಿದ್ದೇ ಹಾಗೆ. ಮನೆಯವರು ಕೈ ಜೋಡಿಸದಿದ್ದರೆ ಎಷ್ಟು ಗಾಡಿ ಬಂದರೂ ಸಾಲುವುದಿಲ್ಲ. ಸರಿ, ಈ ಶಾಟ್ ಮುಗಿಯಿತು, ಮುಂದೆ ಹೋಗೋಣ.

ಈ ಗೋಡೆ ನೋಡಿ. ಇದು ಟ್ರಸ್ಟ್‌ನವರು ಹೋದ ವರ್ಷ ಮಾಡಿಸಿದ ಕೆಲಸ. ಕಾಲೇಜು ಮಕ್ಕಳನ್ನು ಕರೆಸಿ ಜಂಬೂ ಸವಾರಿ ಬರೆಸಿದರು. ಮಕ್ಕಳು ಬಿಸಿಲಲ್ಲಿ ನಿಂತು ಚೆನ್ನಾಗಿಯೇ ಬರೆದಿದ್ದರು. ಆನೆಯ ಕಣ್ಣಿನ ಕೆಳಗಿನ ಸುಕ್ಕು ಕೂಡ ಕಾಣುತ್ತಿತ್ತು. ಈಗ ಹತ್ತಿರದಿಂದ ತೋರಿಸುತ್ತೇನೆ. ಅಂಬಾರಿಯ ಮೇಲೆ ಬಣ್ಣ ಗುಳ್ಳೆ ಎದ್ದಿದೆ. ಉಗುರು ತಾಗಿಸಿದರೆ ಸಿಪ್ಪೆ ಹಾಗೇ ಕಳಚಿ ಬರುತ್ತದೆ. ಅದರ ಹಿಂದೆ ಬಿಳಿ ಪುಡಿ. ಅದು ಗೋಡೆಯೊಳಗಿನ ಉಪ್ಪು. ನೀರು ಇಟ್ಟಿಗೆಯೊಳಗೆ ಇಳಿದು ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿದು ಬಣ್ಣವನ್ನು ತಳ್ಳುತ್ತದೆ. ಒದ್ದೆ ಗೋಡೆಗೆ ಎಷ್ಟು ದುಬಾರಿ ಪೇಂಟ್ ಬಳಿದರೂ ನಿಲ್ಲುವುದಿಲ್ಲ.

ಗೋಡೆ ಒದ್ದೆ ಅಂತ ನಮ್ಮ ಬ್ಲಾಕಿನವರಿಗೆಲ್ಲ ಗೊತ್ತಿತ್ತು. ಗೋಡೆಯ ಒಳಬದಿಯ ಮನೆಯಲ್ಲಿರುವ ತಾತ ಬೀರುವನ್ನು ಅಲ್ಲಿಂದ ಸರಿಸಿ ಎಷ್ಟೋ ಕಾಲವಾಗಿತ್ತು. ಪೇಂಟ್ ಡಬ್ಬ ತೆಗೆಯುವ ಮೊದಲು ಅವರನ್ನೊಂದು ಮಾತು ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಾಡಿಗೆದಾರರನ್ನು ಕೇಳದೆ ಬಡವರ ಕಾಲೋನಿ ಗೋಡೆಗೆ ಚಿತ್ರ ಬರೆಸುವುದು ದುಡ್ಡು ದಂಡ.

ಈಗ ತಾರಸಿ. ನೀರು ಎಲ್ಲಿಂದ ಬರುತ್ತಿತ್ತು ಅಂತ ಇಲ್ಲಿ ನೋಡಿ. ಕಾಲೋನಿಯ ದೊಡ್ಡ ಟ್ಯಾಂಕಿನಿಂದ ಪ್ರತಿ ಬ್ಲಾಕಿನ ತಾರಸಿ ಟ್ಯಾಂಕಿಗೆ ನೀರು ತಾನಾಗಿ ಹರಿದು ಬರುತ್ತದೆ. ತುಂಬಿದ ಮೇಲೆ ನಿಲ್ಲಿಸಬೇಕಾದದ್ದು ಬಾಲ್ ವಾಲ್ವ್. ನೀರಿನ ಜೊತೆ ಬಾಲ್ ಮೇಲೇರಬೇಕು, ಅದರ ಕಡ್ಡಿ ವಾಲ್ವ್ ಮುಚ್ಚಬೇಕು. ಆಟೋ ಅಣ್ಣ ಟ್ಯಾಂಕಿನೊಳಗೆ ಕೈ ಹಾಕಿ ಅದನ್ನು ಬಿಚ್ಚಿ ತೆಗೆದರು. ಬಾಲನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತಿದೆ, ಕೇಳಿಸಿತಾ? ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಾಲ್ ಒಳಗೇ ನೀರು ತುಂಬಿಕೊಂಡ ಮೇಲೆ ಅದು ತೇಲುವುದು ಹೇಗೆ? ವಾಲ್ವ್ ಮುಚ್ಚುತ್ತಲೇ ಇರಲಿಲ್ಲ. ಹೆಚ್ಚಿನ ನೀರು ಹೋಗುವ ಪೈಪು ಗಿಡ್ಡ, ಗೋಡೆಗೆ ಅಂಟಿಕೊಂಡೇ ಇದೆ. ಅದರ ಕೆಳಗೆ ಕೊಡ ಇಟ್ಟರೆ ನೋಡನೋಡುತ್ತಲೇ ತುಂಬುತ್ತಿತ್ತು. ಕಾವೇರಿಯಿಂದ ಹೊಂಗಳ್ಳಿ, ಮೇಳಾಪುರದಲ್ಲಿ ಎತ್ತಿ, ಶುದ್ಧ ಮಾಡಿ, ಇಷ್ಟು ದೂರ ತಂದ ನೀರು. ಅದು ಗೋಡೆ ಮೇಲೆ ಇಳಿದು ಚರಂಡಿಗೆ ಹೋಗುತ್ತಿತ್ತು ಅಂದರೆ ಹೊಟ್ಟೆ ಉರಿಯುತ್ತದೆ.

ಹೊಸ ವಾಲ್ವ್ ಹಾಕುವುದನ್ನು ನೀವೇ ನೋಡುತ್ತಿದ್ದೀರಿ. ವಾಲ್ವ್‌ನ ಥ್ರೆಡ್ಡಿಗೆ ಟೇಪ್ ಸುತ್ತಿ ತಿರುಗಿಸಿದರೆ ಆಯಿತು. ಈ ವಾಲ್ವ್ ತಂದ ಕಥೆ ಮಾತ್ರ ಪೂರ್ತಿ ಹೇಳಲೇಬೇಕು.

ಹಿತ್ತಾಳೆಯದ್ದೇ ಇರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಪ್ಲಾಸ್ಟಿಕ್ ಅಗ್ಗ, ಆದರೆ ಬಿಸಿಲಿಗೆ ಬೇಗ ಸೊರಗುತ್ತದೆ. ಅಂಗಡಿಯವರು 850 ರೂಪಾಯಿ ಹೇಳಿದರು. ಸರಿ, ಬಿಲ್ ಹಾಕಿ ಅಂದೆ. "ಬಿಲ್ ಬೇಕಾ? ಹಾಗಾದ್ರೆ ಟ್ಯಾಕ್ಸ್ ಬೀಳುತ್ತೆ ನೋಡಮ್ಮ" ಅಂದರು. ಶೇಕಡಾ 18 ಅಂದರೆ 153 ರೂಪಾಯಿ. 850 ಇದ್ದದ್ದು 1,003 ಆಯಿತು. ನಾನು ದಿನಾ ಬಿಲ್ ನೋಡುವವಳು. ಮಾರಿದ ಸಾಮಾನಿಗೆ ಬಿಲ್ ಕೊಡುವುದು ಅಂಗಡಿಯವರ ಕೆಲಸ, ಗಿರಾಕಿ ಕೇಳಿದಾಗ ಮಾತ್ರ ಮಾಡುವ ಉಪಕಾರ ಅಲ್ಲ. ಅದನ್ನು ಅಲ್ಲೇ ಹೇಳಿದೆ. ಅವರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಬಿಟ್ಟರು. ಆಟೋ ಅಣ್ಣ, "ಕೊಟ್ಬಿಡು ತಂಗಿ, ಅಲ್ಲಿ ನೀರು ಹೋಗ್ತಾ ಇದೆ" ಅಂದರು. ಕೊಟ್ಟೆವು. ಬಿಲ್ ಇಲ್ಲದೆ ಟ್ರಸ್ಟ್ ದುಡ್ಡು ವಾಪಸ್ ಕೊಡುವುದಿಲ್ಲವಲ್ಲ.

ಬಿಲ್ ತಗೊಂಡು ಆಫೀಸಿಗೆ ಹೋದರೆ, "ಮೂರು ಕೊಟೇಶನ್ ಎಲ್ಲಮ್ಮಾ?" ಅಂತ ಕೇಳಿದರು. ಒಂದು ವಾಲ್ವ್‌ಗೆ ಮೂರು ಅಂಗಡಿಯ ಕೊಟೇಶನ್! ಬಿಲ್ ನನ್ನ ಹೆಸರಲ್ಲಿದೆ, ಟ್ರಸ್ಟ್ ಹೆಸರಲ್ಲಿ ಇರಬೇಕಿತ್ತು ಅಂತಲೂ ಹೇಳಿದರು. ಅಂಗಡಿಯಿಂದ ಅಂಗಡಿಗೆ ಆಟೋದಲ್ಲಿ ಅಲೆದರೆ ಪೆಟ್ರೋಲ್, ಗ್ಯಾಸ್ ದುಡ್ಡು ಯಾರು ಕೊಡುತ್ತಾರೆ? ಅಣ್ಣನ ಆ ಹೊತ್ತಿನ ದುಡಿಮೆ ಹೋಗಲ್ವಾ? ಲೆಕ್ಕ ಕಟ್ಟುನಿಟ್ಟಾಗಿರಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ದಾನಿಗಳ ದುಡ್ಡು, ಆಡಿಟ್ ಆಗುತ್ತದೆ. ದೊಡ್ಡ ಕೆಲಸಕ್ಕೆ ಕೊಟೇಶನ್ ಕೇಳಲಿ, ಕೇಳಲೇಬೇಕು. ಆದರೆ ಸಾವಿರ ರೂಪಾಯಿಯ ರಿಪೇರಿಗೂ ಅದೇ ನಿಯಮ ಇಟ್ಟರೆ ರಿಪೇರಿ ಆಗುವುದೇ ಇಲ್ಲ. ನೀರು ಸುರಿಯುತ್ತದೆ, ಗೋಡೆ ಕೆಡುತ್ತದೆ, ಆಮೇಲೆ ಪ್ಲಾಸ್ಟರಿಂಗ್‌ಗೆ ಅದರ ಎಷ್ಟೋ ಪಟ್ಟು ಖರ್ಚು. ಆ ದುಡ್ಡು ಇನ್ನೂ ನಮ್ಮ ಕೈಗೆ ಬಂದಿಲ್ಲ. ಮನೆಗಿಷ್ಟು ಅಂತ ಹಾಕಿಕೊಂಡಿದ್ದೇವೆ. ಹೂವಿನಜ್ಜಿ ಹತ್ತಿರ ಬೇಡ ಅಂದಿದ್ದೆವು. ಅವರೇ ಸೆರಗಿನ ಗಂಟು ಬಿಚ್ಚಿ ಕೊಟ್ಟರು. "ನಾನೂ ಅದೇ ನೀರು ಕುಡಿಯೋದಲ್ವೇನವ್ವ" ಅಂದರು.

ಈ ರಿಪೇರಿ ದುಡ್ಡಿನ ಪ್ರಶ್ನೆ ಇವತ್ತಿನದಲ್ಲ. ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಅಂತ ಒಬ್ಬರಿದ್ದರು. 1865ರಲ್ಲಿ ಮೇರಿಲ್‌ಬೋನ್ ಅನ್ನೋ ಕಡೆ ಬಡವರು ಬಾಡಿಗೆಗಿದ್ದ ಹಾಳುಬಿದ್ದ ಮನೆಗಳನ್ನು ಜಾನ್ ರಸ್ಕಿನ್ ಅನ್ನೋ ಲೇಖಕರು ಕೊಂಡುಕೊಂಡರು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಐದು ಬರಬೇಕು ಅನ್ನೋದು ಲೆಕ್ಕ. ಮನೆಗಳನ್ನು ನೋಡಿಕೊಂಡವರು ಆಕ್ಟೇವಿಯಾ. ಅವರು ಪ್ರತಿ ಮನೆಯ ರಿಪೇರಿಗೆ ವರ್ಷಕ್ಕೆ ಇಂತಿಷ್ಟು ಅಂತ ಎತ್ತಿಡುತ್ತಿದ್ದರು. ಒಡೆದುಹೋದದ್ದು ಕಡಿಮೆಯಾಗಿ ದುಡ್ಡು ಮಿಕ್ಕರೆ, ಅದರಲ್ಲಿ ಏನು ಮಾಡಿಸಬೇಕು ಅಂತ ಬಾಡಿಗೆದಾರರೇ ಹೇಳಬಹುದಿತ್ತು. ಎಷ್ಟು ಸರಳ ನೋಡಿ. ಮನೆ ಚೆನ್ನಾಗಿಟ್ಟುಕೊಂಡರೆ ಅದರ ಲಾಭ ಅಲ್ಲೇ ಇರುವವರಿಗೆ. ಆಕೆಯ ಎಲ್ಲ ರೀತಿಯೂ ನನಗೆ ಒಪ್ಪಿಗೆ ಅಂತಲ್ಲ. ಬಾಡಿಗೆ ಬಾಕಿ ಬಿದ್ದರೆ ಬಹಳ ಬಿಗಿ, ಮನೆ ಖಾಲಿ ಮಾಡಿಸುತ್ತಿದ್ದರು. ಬಾಡಿಗೆದಾರರು ಹೇಗೆ ಬದುಕಬೇಕು ಅನ್ನೋದರಲ್ಲೂ ಕೈಹಾಕುತ್ತಿದ್ದರು. ಅದು ನಮಗೆ ಬೇಡ. ಈ ಒಂದು ವಿಷಯ ಮಾತ್ರ ಬೇಕು.

ಅದೇ ಇಂಗ್ಲೆಂಡಿನಲ್ಲಿ 1994ರಿಂದ ಕೌನ್ಸಿಲ್ ಮನೆಗಳ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಗಳ, ಬಾಡಿಗೆದಾರರು ಸಂಘ ಕಟ್ಟಿ, ಮತ ಹಾಕಿ, ರಿಪೇರಿ, ಶುಚಿತ್ವದಂಥ ಕೆಲಸಗಳನ್ನು ತಾವೇ ನಡೆಸುವ ಹಕ್ಕು ಕೇಳಬಹುದು. ಕೇಳಲು ಚೆನ್ನಾಗಿದೆ. ಆದರೆ ಹೆಸರಿಗೆ ಸಮಿತಿ ಇದ್ದರೆ ಸಾಕಾಗುವುದಿಲ್ಲ ಅನ್ನೋದನ್ನೂ ಅಲ್ಲೇ ನೋಡಬೇಕು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನೋ ಬಹುಮಹಡಿ ವಸತಿ ಕಟ್ಟಡ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಆಡಳಿತದಲ್ಲಿ ಬಾಡಿಗೆದಾರರ ಪ್ರತಿನಿಧಿಗಳೂ ಇದ್ದರು. ಬೆಂಕಿ ಸುರಕ್ಷತೆ ಸರಿಯಿಲ್ಲ ಅಂತ ಅಲ್ಲಿನ ನಿವಾಸಿಗಳು ಮೊದಲೇ ಬರೆದು ಎಚ್ಚರಿಸಿದ್ದರು. 2017ರ ಜೂನ್‌ನಲ್ಲಿ ಬೆಂಕಿ ಬಿದ್ದಾಗ 72 ಜನ ಸತ್ತರು. ಆಮೇಲೆ 2023ರಲ್ಲಿ ಹೊಸ ಕಾನೂನು ಬಂತು, ಮನೆ ಕೊಟ್ಟವರು ಬಾಡಿಗೆದಾರರ ದೂರಿಗೆ ಸರಿಯಾಗಿ ಉತ್ತರ ಕೊಡಬೇಕು ಅಂತ ಬಿಗಿ ಮಾಡಿದರು. ಹೇಳಿದ್ದನ್ನು ಕೇಳಿಸಿಕೊಳ್ಳದೆ ಸಮಿತಿಯಲ್ಲಿ ಕುರ್ಚಿ ಕೊಟ್ಟು ಏನು ಪ್ರಯೋಜನ?

ಇದು ಮಧ್ಯಾಹ್ನ ಅಗ್ರಹಾರದ ಕಡೆ ಊಟಕ್ಕೆ ಹೋಗುವಾಗ ತೆಗೆದದ್ದು. ಸುಮ್ನೆ ಹಾಕಿದ್ದೇನೆ, ಹಳೇ ಬೀದಿಗಳು ಅಂದರೆ ನನಗೆ ಇಷ್ಟ. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಅಗಲ ರಸ್ತೆ, ಮನೆಗಳ ಹಿಂದೆ ಕೊಳೆ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಹೀಗೆ ಹೊಸ ಬಡಾವಣೆಗಳು ಎದ್ದವು. ಒಳ್ಳೆಯ ಕೆಲಸ. ಆ ಕಾಲಕ್ಕೆ ಎಲ್ಲ ಮೇಲಿನವರೇ ತೀರ್ಮಾನಿಸುತ್ತಿದ್ದರು. ಆಮೇಲೆ 2005ರಲ್ಲಿ ಶುರುವಾದ ನರ್ಮ್, ಅಂದರೆ ನಗರಗಳನ್ನು ಸುಧಾರಿಸುವ ಕೇಂದ್ರ ಸರ್ಕಾರದ ಯೋಜನೆಗೆ ಮೈಸೂರೂ ಸೇರಿತು. ಅದರಲ್ಲಿ ಬಡವರ ಮನೆಗೂ ಫಲಾನುಭವಿಗಳು ಕನಿಷ್ಠ ಶೇಕಡಾ 12 ಹಾಕಬೇಕಿತ್ತು, ಪರಿಶಿಷ್ಟರು ಮತ್ತು ಹಿಂದುಳಿದವರಾದರೆ ಶೇಕಡಾ 10. ಬಡವರಿಗೆ ಮನೆ ಪುಕ್ಕಟೆ ಸಿಗುತ್ತದೆ ಅಂತ ಮಾತಾಡುವವರು ಇದನ್ನು ತಿಳಿದುಕೊಳ್ಳಲಿ. ನಾವೂ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ. ದುಡ್ಡು ಕಟ್ಟುವವರಿಗೆ ಮಾತಾಡುವ ಹಕ್ಕೂ ಇದೆ. ಅಯ್ಯೋ, ಬೀದಿ ಮುಗಿದೇಹೋಯಿತು, ಕಾಲೋನಿಗೆ ವಾಪಸ್ ಹೋಗೋಣ.

ಮೆಟ್ಟಿಲ ಹತ್ತಿರ ಮಕ್ಕಳು ಬಣ್ಣ ಹಚ್ಚುತ್ತಿದ್ದಾರೆ. ಗೋಡೆಗೆ ಬಣ್ಣ ದಂಡ ಅಂದೆನಲ್ಲ, ಇದನ್ನು ನೋಡಿದ ಮೇಲೆ ಪೂರ್ತಿ ಹಾಗೆ ಹೇಳಲು ಮನಸ್ಸು ಬರುತ್ತಿಲ್ಲ. ಪ್ರತಿ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ, ಪ್ರತಿ ಮಹಡಿಗೆ ದೊಡ್ಡ ನಂಬರ್, ಪಕ್ಕದಲ್ಲಿ ಒಂದೊಂದು ಹಕ್ಕಿ. ಕೊನೇ ಮೆಟ್ಟಿಲು ಕಾಣದೆ ತಾತ ಎಡವುತ್ತಾರೆ, ಅದಕ್ಕೇ ಪಟ್ಟಿ ಬೇಕು ಅಂತ ಹೇಳಿದ್ದು ಅವರ ಮೊಮ್ಮಗಳು. ಓದಲು ಬಾರದ ಅಜ್ಜಿಯರಿಗೆ ಹಕ್ಕಿ ಗುರುತು ಸಾಕು. "ಗಿಳಿ ಮಹಡಿಗೆ ಬಾ" ಅಂತ ಈಗಲೇ ಶುರುವಾಗಿದೆ. ಇಂಥ ಬಣ್ಣ ಎಷ್ಟು ಬೇಕಾದರೂ ಹಚ್ಚಲಿ.

ಸಂಜೆ ಟ್ರಸ್ಟ್‌ನ ಮೇಡಂ ಬಂದಿದ್ದರು. ಗೋಡೆ ತೋರಿಸಿದೆವು, ಒಡೆದ ಬಾಲ್ ಅವರ ಕೈಗೇ ಕೊಟ್ಟೆವು. ಅಲ್ಲಾಡಿಸಿ ನೋಡಿದರು. ಅವರು ಒಳ್ಳೆಯವರು, ನಿಜ ಹೇಳಬೇಕು. ಬೀರು ಸರಿಸಿದ ಜಾಗ ನೋಡಲು ತಾತನ ಮನೆಯೊಳಗೂ ಹೋಗಿ ಬಂದರು. ನಾವು ಬರೆದುಕೊಟ್ಟ ಪತ್ರದಲ್ಲಿ ಇರುವುದು ಇಷ್ಟು. ಪ್ರತಿ ಬ್ಲಾಕಿಗೆ ವರ್ಷಕ್ಕೆ ಇಂತಿಷ್ಟು ರಿಪೇರಿ ದುಡ್ಡು ಬೇರೆ ಇಡಿ. ಎರಡು ಸಾವಿರದೊಳಗಿನ ಕೆಲಸಕ್ಕೆ ಕೊಟೇಶನ್ ಬೇಡ, ಬಿಲ್ ಸಾಕು. ಇಬ್ಬರು ಬಾಡಿಗೆದಾರರು, ಟ್ರಸ್ಟ್‌ನ ಒಬ್ಬರು ಸಹಿ ಹಾಕಲಿ. ಖರ್ಚನ್ನು ಮೆಟ್ಟಿಲ ಹತ್ತಿರ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯೋಣ. ಮಿಕ್ಕ ದುಡ್ಡಲ್ಲಿ ಏನು ಮಾಡಬೇಕು ಅಂತ ಬ್ಲಾಕಿನವರು ಸೇರಿ ಹೇಳುತ್ತೇವೆ. ನಮ್ಮ ಬ್ಲಾಕಿನ ಲೆಕ್ಕ ನಾನು ಬರೆಯುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಟ್ರಸ್ಟಿಗಳ ಮೀಟಿಂಗಿನಲ್ಲಿ ಇಡುತ್ತೇನೆ ಅಂದಿದ್ದಾರೆ ಮೇಡಂ. ಬಾಯಿಮಾತು ಬೇಡ, ಪತ್ರ ಸಿಕ್ಕಿದೆ ಅಂತ ಸೀಲ್ ಹಾಕಿ ಕೊಡಿ ಅಂದೆ. ಆಫೀಸಿನ ಸೀಲ್ ಹಾಕಿಸಿ ಕಳಿಸಿದರು.

ಗೋಡೆಯನ್ನು ಈಗಲೇ ಮುಟ್ಟುವುದಿಲ್ಲ. ಹೆಚ್ಚಿನ ನೀರಿನ ಪೈಪಿಗೆ ಬೆಂಡ್ ಹಾಕಿ ಉದ್ದ ಮಾಡಿ ಕರಿಬೇವಿನ ಗಿಡದ ಕಡೆ ಬಿಟ್ಟಿದ್ದೇವೆ. ಬಿಸಿಲಿಗೆ ಗೋಡೆ ಒಣಗಬೇಕು, ಬಿಳಿ ಪುಡಿಯನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು, ಆಮೇಲೆ ಪ್ಲಾಸ್ಟರ್ ವಿಚಾರ. ಆ ಕಾಲೇಜು ಮಕ್ಕಳು ಒಪ್ಪಿದರೆ ಆನೆಯನ್ನು ಅವರ ಕೈಯಲ್ಲೇ ಮತ್ತೆ ಬರೆಸಬೇಕು ಅಂತ ನನ್ನ ಆಸೆ.

ನಿಮ್ಮ ಕಡೆ, ಹೌಸಿಂಗ್ ಬೋರ್ಡ್ ಮನೆಗಳಲ್ಲೋ ಕ್ವಾರ್ಟರ್ಸ್‌ನಲ್ಲೋ, ಹೀಗೆ ಬ್ಲಾಕಿಗೊಂದು ರಿಪೇರಿ ದುಡ್ಡು ಇಟ್ಟುಕೊಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಲೆಕ್ಕ ಹೇಗೆ ಇಡುತ್ತೀರಿ, ಸಹಿ ಯಾರದ್ದು, ಬಿಲ್ ಕೊಡದ ಅಂಗಡಿಯವರ ಜೊತೆ ಏನು ಮಾಡುತ್ತೀರಿ, ಎಲ್ಲ ಬರೆಯಿರಿ. ಟ್ರಸ್ಟಿಗಳ ಮೀಟಿಂಗಿಗೆ ಮೊದಲು ಸಿಕ್ಕರೆ ಮೇಡಂಗೆ ತೋರಿಸುತ್ತೇನೆ. ಸರಿ, ಕೆಳಗೆ ಟೀ ಬಂದಿದೆ, ಕರೆಯುತ್ತಿದ್ದಾರೆ, ಹೋಗುತ್ತೇನೆ.