ಕಿರೀಟ ಹೊತ್ತು ಬಗ್ಗಿದ ತಲೆ

ಕೇಳುಗರಿಗೆ ನಮಸ್ಕಾರ.

ನಮ್ಮೂರ ಗಣೇಶನ ಪೆಂಡಾಲಿನಲ್ಲಿ ಐದು ದಿನವೂ ಒಂದೇ ಕ್ಯಾಸೆಟ್. ‘ಬಭ್ರುವಾಹನ’ದ ಸಂಭಾಷಣೆ. ಮೈಕಿನ ಹಾರನ್ನು ತೆಂಗಿನ ಮರಕ್ಕೆ ಕಟ್ಟಿರುತ್ತಿದ್ದರು. ಕೆರೆಯಾಚೆ ಗದ್ದೆಯಲ್ಲಿ ಕಳೆ ಕೀಳುವವರಿಗೂ ಕೇಳಿಸುತ್ತಿತ್ತು. ಮೂರನೇ ದಿನಕ್ಕೆ ಹುಡುಗರಿಗೆಲ್ಲ ಬಾಯಿಪಾಠ. ಹಾಗಾಗಿ ಡಾ. ರಾಜ್‌ಕುಮಾರ್ ಅವರ ರಾಜನ ಪಾತ್ರ ಅಂದರೆ ಎಷ್ಟೋ ವರ್ಷ ನನಗೆ ಬರೀ ದನಿ.

ಆಮೇಲೊಂದು ದಿನ ಟೀವಿಯಲ್ಲಿ ‘ಶ್ರೀ ಕೃಷ್ಣದೇವರಾಯ’ ಬರುತ್ತಿತ್ತು. ಮನೆಯಲ್ಲಿ ಮಗು ಮಲಗಿತ್ತು. ಸದ್ದು ಪೂರ್ತಿ ಇಳಿಸಿ ಸುಮ್ನೆ ನೋಡುತ್ತಾ ಕೂತೆ. ದನಿ ಇಲ್ಲದ ರಾಜ್‌ಕುಮಾರ್ ಅವರನ್ನು ನಾನು ನೋಡಿದ್ದು ಅವತ್ತೇ ಮೊದಲು.

1970ರ ಚಿತ್ರ ಅದು. ನಿರ್ದೇಶಕರು ಬಿ.ಆರ್. ಪಂತುಲು. ಮಹಾಮಂತ್ರಿ ತಿಮ್ಮರಸರ ಪಾತ್ರವೂ ಅವರದೇ. ಆಸ್ಥಾನದಲ್ಲಿ ಕೂತಾಗ ರಾಯರ ಎದೆ ಸೆಟೆದೇ ಇರುತ್ತದೆ. ತಿಮ್ಮರಸರು ಎದುರಿಗೆ ಬಂದರೆ ಹೆಗಲು ಒಂದಿಷ್ಟು ಇಳಿಯುತ್ತದೆ, ಕತ್ತು ಬಾಗುತ್ತದೆ. ಕಿರೀಟ ಮಾತ್ರ ಅಲುಗುವುದಿಲ್ಲ. ರಾಯರು ತಿಮ್ಮರಸರನ್ನು ‘ಅಪ್ಪಾಜಿ’ ಅಂತ ಕರೆಯುತ್ತಿದ್ದರು. ಮುಂದೆ ರಾಜ್ ಅವರ ಮಕ್ಕಳು ತಮ್ಮ ತಂದೆಯನ್ನು ಕರೆದದ್ದೂ ಹಾಗೇ!

ಎದೆ ಸೆಟೆಸಿ ನಿಲ್ಲೋದು ಅಂಥ ಕಷ್ಟವಲ್ಲ. ಪೋಷಾಕೇ ನಿಲ್ಲಿಸುತ್ತದೆ. ಕಿರೀಟ ಹೊತ್ತು ತಲೆ ಬಗ್ಗಿಸಬೇಕು, ಆದರೂ ನೋಡುವವರಿಗೆ ರಾಜನಾಗಿಯೇ ಕಾಣಬೇಕು. ಕಷ್ಟ ಇರುವುದು ಅಲ್ಲಿ.

ಇದನ್ನು ರಾಜ್ ಕಲಿತದ್ದು ಕಂಪನಿ ನಾಟಕದಲ್ಲಿ. ಗಾಜನೂರಿನ ಮುತ್ತುರಾಜ ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿದ ಹುಡುಗ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅದೇ ರಂಗದ ಮೇಲೆ ರೌದ್ರ ಪಾತ್ರಗಳಿಗೆ ಹೆಸರಾದವರು. ರಟ್ಟು, ಬೇಗಡೆಯ ಕಿರೀಟ ಕಟ್ಟಿಕೊಂಡು ಬಗ್ಗುವಾಗ ಅದು ಜಾರಿ ಕಣ್ಣಿಗೆ ಬಿದ್ದರೆ ಮುಗಿಯಿತು. ನೆಲದ ಟಿಕೆಟ್ಟಿನವರು ಬಿಡುತ್ತಾರಾ?

1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ ರಾಜ್‌ಕುಮಾರ್ ಆದರು. ಅಷ್ಟಾದರೂ ಕನ್ನಡ ಕಲಾವಿದರಿಗೆ ಕೈತುಂಬ ಕೆಲಸ ಇರಲಿಲ್ಲ. ರಾಜ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಸಂಘ ಕಟ್ಟಿದರು, ಊರೂರು ತಿರುಗಿ ನಾಟಕ ಆಡಿದರು. ಆಮೇಲೆ ಸಂಘದಿಂದಲೇ ತೆಗೆದ ಚಿತ್ರ 1960ರ ‘ರಣಧೀರ ಕಂಠೀರವ’. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಥೆ. ಕೆಲಸವಿಲ್ಲದ ನಟರು ಸೇರಿಕೊಂಡು ಒಬ್ಬ ಮಹಾರಾಜನನ್ನು ತೆರೆಗೆ ತಂದರು ಅನ್ನೋದು ನನಗೆ ಆ ಚಿತ್ರಕ್ಕಿಂತಲೂ ಜಾಸ್ತಿ ಇಷ್ಟ. 1967ರಲ್ಲಿ ‘ಇಮ್ಮಡಿ ಪುಲಿಕೇಶಿ’ ಬಂತು.

ಆದರೆ ನನ್ನ ಮನಸ್ಸು ನಿಲ್ಲುವುದು 1975ರ ‘ಮಯೂರ’ದಲ್ಲಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ ಬಂದದ್ದು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಒಂದು ಕಲ್ಲುಕಂಬ ಇದೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮನಿಗೆ ಪಲ್ಲವರ ರಾವುತನೊಂದಿಗೆ ಜಗಳವಾಯಿತು, ದರ್ಭೆ ಹಿಡಿದು ಪಳಗಿದ ಕೈ ಕತ್ತಿ ಹಿರಿಯಿತು ಅಂತ ಅದರ ಮೇಲಿನ ಶಾಸನ ಹೇಳುತ್ತದೆ. ಒಬ್ಬ ನಟನಿಗೆ ಇಷ್ಟು ಸಾಕಲ್ವಾ? ಮೊದಲು ಕಾಣುವುದು ಹುಡುಗತನ ಬಿಡದ, ಗುರುಹಿರಿಯರ ಮುಂದೆ ತಗ್ಗಿ ನಿಲ್ಲುವ ವಟು. ಮುಂದೆ ಅವನೇ ಬನವಾಸಿಯ ಕದಂಬ ದೊರೆ. ಮೈ ಅದೇ, ನಿಂತ ನಿಲುವು ಬೇರೆ.

ಮತ್ತೆ ಪೆಂಡಾಲಿಗೆ ಬರುತ್ತೇನೆ. ‘ಬಭ್ರುವಾಹನ’ 1977ರದು, ನಿರ್ದೇಶನ ಹುಣಸೂರು ಕೃಷ್ಣಮೂರ್ತಿ. ಇತಿಹಾಸ ಅಲ್ಲ, ಪುರಾಣ. ಅರ್ಜುನನೂ ರಾಜ್, ಅವನ ಮಗ ಬಭ್ರುವಾಹನನೂ ರಾಜ್. ಇಬ್ಬರೂ ಎದುರಾಗಿ ಹಾಡಿನಲ್ಲೇ ಜಗಳವಾಡುವಾಗ ಒಂದು ದನಿ ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್ ಅವರದು. ಕ್ಯಾಸೆಟ್ಟಿನಲ್ಲಿ ನಮಗೆ ಆ ಅಬ್ಬರವಷ್ಟೇ ಸಿಕ್ಕಿತ್ತು. ಅದಕ್ಕೆ ಮುಂಚೆ ಮಗ ವಿನಯದಿಂದ ಅಪ್ಪನ ಮುಂದೆ ಬರುತ್ತಾನೆ, ಅಪ್ಪ ಹೀಯಾಳಿಸುತ್ತಾನೆ. ತಲೆ ಬಾಗಿದವರೂ ಅವರೇ, ಅದನ್ನು ಕಡೆಗಣಿಸಿದವರೂ ಅವರೇ. ಆ ಬಾಗಿದ ತಲೆ ಮೇಲೆದ್ದದ್ದರಿಂದಲೇ ನಮ್ಮೂರ ತೆಂಗಿನ ಮರ ಗುಡುಗಿದ್ದು.

ಯಾರಿಗೂ ಬಗ್ಗದ ಪಾತ್ರವೊಂದನ್ನೂ ಅವರು ಮಾಡಿದರು. 1983ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು. ಅಪ್ಪ ಪುಟ್ಟಸ್ವಾಮಯ್ಯನವರ ರೌದ್ರ ರಂಗದಿಂದ ತೆರೆಗೆ ಇಳಿದು ಬಂತು. ಪ್ರಹ್ಲಾದನಾಗಿ ನಿಂತದ್ದು ರಾಜ್ ಅವರ ಕಿರಿಯ ಮಗ, ಏಳೆಂಟು ವರ್ಷದ ಪುನೀತ್. ಹರಿಗೂ ಬಾಗದ ದೈತ್ಯ ಅವನು. ಮಗ ಅಷ್ಟು ಪುಟ್ಟವನು. ಅವನ ಮುಖ ನೋಡಿ ಮಾತಾಡಬೇಕಾದರೆ ಆ ಕಿರೀಟವೂ ಬಗ್ಗಲೇಬೇಕು.

ಮುಂದಿನ ಸಲ ಟೀವಿಯಲ್ಲಿ ಬಂದಾಗ ಐದು ನಿಮಿಷ ಸದ್ದು ಇಳಿಸಿ ನೋಡಿ. ರೇಡಿಯೋದಲ್ಲಿ ಕೂತು ಸದ್ದು ಇಳಿಸಿ ಅಂತಿದ್ದೇನೆ, ನಗಬೇಡಿ.

ನಮಸ್ಕಾರ.