ಮೊದಲು ಹಿಂದಿನ ಬೆಂಚಿನಲ್ಲಿ ಕೂಡ್ರಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಇಳಕಲ್ಲಿನವಳು. 32 ವರ್ಷ ಗಣಿತ ಕಲಿಸಿ ನಿವೃತ್ತಳಾದೆ. ಮಗ ತಾಂಜಾನಿಯಾದ ದಾರ್ ಎಸ್ ಸಲಾಮ್ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿಗೆ ಹೋದಾಗ ಊರಂಚಿನ ಒಂದು ಬಡವರ ಓಣಿಯ ಶಾಲೆಯಲ್ಲಿ ಏಳು ತಿಂಗಳು ಸಂಬಳವಿಲ್ಲದೆ ಪಾಠ ಮಾಡಿದೆ. ಅದರ ಬಗ್ಗೆ ಮಾತಾಡಿ ಎಂದು ವಿಜಯಪುರ ಆಕಾಶವಾಣಿಯವರು ಕರೆದಿದ್ದಾರೆ.

ಮುಧೋಳದಲ್ಲಿ ಬಿ.ಎಡ್ ಮುಗಿಸಿ ಕೂತ ಹುಡುಗಿ, ಗೋಕಾಕದ ಇಂಜಿನಿಯರ್ ಹುಡುಗ, ರೊಟ್ಟಿ ಬಡಿಯುತ್ತಾ ರೇಡಿಯೋ ಕೇಳುವ ಅವರ ಅವ್ವ, ನೀವೆಲ್ಲ ನನ್ನ ಕಣ್ಣ ಮುಂದೆ ಇದ್ದೀರಿ. "ಅಕ್ಕಾರ, ಆಫ್ರಿಕಾಕ್ಕೆ ಹೋಗಿ ಬಡ ಮಕ್ಕಳಿಗೆ ಕಲಸ್ಬೇಕಂತ ಮಾಡೀವಿ, ಏನೇನ್ ಒಯ್ಯಬೇಕ್ರಿ?" ಅಂತ ಜನ ನನ್ನನ್ನು ಕೇಳ್ತಾ ಇರುತ್ತಾರೆ. ಪೆನ್ಸಿಲ್ಲು, ಚಾಕಲೇಟು, ಬಣ್ಣದ ಚಾರ್ಟು, ಎಲ್ಲ ಕೇಳುತ್ತಾರೆ. ನನ್ನ ಉತ್ತರ ಒಂದೇ. ಮೊದಲ ಒಂದು ತಿಂಗಳು ಬೋರ್ಡಿನ ಹತ್ತಿರ ಹೋಗಬೇಡಿ. ಹಿಂದಿನ ಬೆಂಚಿನಲ್ಲಿ ಕೂಡ್ರಿ. ಅಲ್ಲಿನ ಟೀಚರ್ ಹೇಗೆ ಕಲಿಸುತ್ತಾರೆ ನೋಡಿ.

ನಾನು ಹಾಗೆ ಮಾಡಲಿಲ್ಲ. ಮೊದಲ ದಿನವೇ ಚಾಕ್‌ಪೀಸು ಹಿಡಿದೆ.

ನಾಲ್ಕನೇ ತರಗತಿ. ಒಂದೇ ಕೋಣೆಯಲ್ಲಿ 74 ಮಕ್ಕಳು. ಪಾಠ ಭಿನ್ನರಾಶಿ. ಬೋರ್ಡಿನ ಮೇಲೆ ದುಂಡಗೆ ಒಂದು ರೊಟ್ಟಿ ಬರೆದೆ, ಗೆರೆ ಎಳೆದು ನಾಲ್ಕು ಭಾಗ ಮಾಡಿದೆ. ಇಳಕಲ್ಲಿನಲ್ಲಿ ನೂರಾರು ಸಲ ಮಾಡಿದ ಪಾಠ ಅದು. ಕಲಿತ ಅಷ್ಟಿಷ್ಟು ಸ್ವಾಹಿಲಿಯಲ್ಲಿ, ಅಂದರೆ ಅಲ್ಲಿನ ಭಾಷೆಯಲ್ಲಿ, "ತಿಳೀತಾ?" ಅಂದೆ. "ನ್ದಿಯೋ, ಮ್ವಾಲಿಮು!" ಅಂತ ಇಡೀ ಕೋಣೆ ಕೂಗಿತು. ಹೌದು, ಟೀಚರ್ ಅಂತ. ನನಗೆ ಬಹಳ ಖುಷಿ ಆಯಿತು. ಮರುದಿನ 1/2 ಮತ್ತು 1/4 ಬರೆದು ಯಾವುದು ದೊಡ್ಡದು ಅಂತ ಕೇಳಿದೆ. ಬಹುತೇಕ ಎಲ್ಲರೂ 1/4 ಅಂದರು. ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ!

ಆ ತರಗತಿಯ ಟೀಚರ್ ಹಿಂದೆ ಕೂತು ನೋಟ್‌ಬುಕ್ ತಿದ್ದುತ್ತಿದ್ದರು. ನನಗಿಂತ 30 ವರ್ಷ ಚಿಕ್ಕವರು. ಅವರನ್ನು ಕೇಳಿದೆ. ಮೆಲ್ಲಗೆ ಹೇಳಿದರು: "ನೀವು ಹಿರಿಯರು, ಅದಕ್ಕೇ ಹೂಂ ಅಂದಿದ್ದಾರೆ. ನಮ್ಮಲ್ಲೂ ಚಪಾತಿ ಮಾಡುತ್ತಾರೆ. ಆದರೆ ಅದನ್ನು ಯಾರೂ ಅಳೆದು ಕತ್ತರಿಸೋದಿಲ್ಲ, ಹರಿದು ತಿನ್ನುತ್ತಾರೆ." ನಾವು ಮಾತ್ರ ರೊಟ್ಟಿಯನ್ನು ನಾಲ್ಕು ಸಮಪಾಲು ಮಾಡಿ ತಿನ್ನುತ್ತೇವಾ? ಮುರಿದೇ ತಿನ್ನುತ್ತೇವೆ. 32 ವರ್ಷ ನನಗೆ ಇದು ಹೊಳೆದೇ ಇರಲಿಲ್ಲ.

ಮರುದಿನ ಅವರು ಒಂದು ಹೊಸ ಖಾಂಗಾ ತಂದರು. ಅಲ್ಲಿನ ಹೆಂಗಸರು ಉಡುವ, ಹೊದೆಯುವ ತೆಳು ಹತ್ತಿ ಬಟ್ಟೆ ಅದು. ಸುತ್ತ ಅಂಚು, ನಡುವೆ ಚಿತ್ತಾರ, ಕೆಳಗೆ ಒಂದು ಸಾಲು ಮಾತು ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಜೋಡಿಯಾಗಿಯೇ ಮಾರುತ್ತಾರೆ, ನಡುವೆ ಕತ್ತರಿಸದೆ. ಮನೆಗೆ ತಂದು ಅವ್ವಂದಿರೇ ಕತ್ತರಿಸಿ, ಅಂಚು ಮಡಚಿ ಹೊಲಿಯುತ್ತಾರೆ. ಪ್ರತಿ ಮಗುವೂ ಇದನ್ನು ನೋಡಿರುತ್ತದೆ.

ಇಬ್ಬರು ಹುಡುಗಿಯರು ಎರಡು ತುದಿ ಹಿಡಿದು ನಿಂತರು. ಟೀಚರ್ ಕತ್ತರಿ ಹಿಡಿದು ಒಂದು ತುದಿಯಿಂದ ನಡೆಯುತ್ತಾ ಬಂದರು. ಇಲ್ಲಿ ಕತ್ತರಿಸಲಾ? "ಹಪಾನಾ!" ಬೇಡ ಅಂತ ಮಕ್ಕಳು ನಗುತ್ತಾ ಕೂಗಿದರು. ಇಲ್ಲಿ? "ಹಪಾನಾ!" ಎರಡು ಅಂಚು ಕೂಡುವ ಜಾಗಕ್ಕೆ ಬಂದಾಗ ಎಲ್ಲರೂ ಎದ್ದು ನಿಂತು "ನುಸು!" ಅಂದರು. ನುಸು ಅಂದರೆ ಅರ್ಧ. ಟೀಚರ್ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಕೈಯಿಂದ ಪರ್ ಅಂತ ಹರಿದರು. ಒಂದು ತುಂಡನ್ನು ಮತ್ತೆ ಮಡಚಿ ಎತ್ತಿ ಹಿಡಿದರು. "ರೋಬೋ." ಜೋಡಿಯ ಕಾಲು ಭಾಗ. ಯಾವುದು ದೊಡ್ಡದು? ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ಹೇಳಿದ: "ರೋಬೋ ಸಣ್ಣದು. ಅದು ಅವ್ವನ ಸೊಂಟಕ್ಕೆ ಸಾಲೋದಿಲ್ಲ."

ಅವತ್ತಿನಿಂದ ನಾನು ಹಿಂದಿನ ಬೆಂಚಿಗೆ ಹೋದೆ. ಲೆಕ್ಕ ನಾನು ಕೊಟ್ಟೆ, ವಸ್ತು ಅವರು ಹುಡುಕಿದರು. ಅಲ್ಲಿ ವಿಟುಂಬುವಾ ಅಂತ ಮಾಡುತ್ತಾರೆ, ನಮ್ಮ ಪಡ್ಡಿನಂಥದ್ದೇ, ಹಂಚೂ ಹಾಗೇ ಗುಳಿ ಗುಳಿ. ಅದರಲ್ಲಿ ಗುಣಾಕಾರ ಹೇಳಿಕೊಟ್ಟೆವು. ಇಬ್ಬರೂ ಸೇರಿ 40 ಪಾಠ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಆ ನೋಟ್‌ಬುಕ್ ಅವರ ಹತ್ತಿರವೇ ಇದೆ. ನಾನು ವಾಪಸ್ ಬಂದೆ, ಪಾಠ ಅಲ್ಲೇ ಉಳಿಯಿತು.

ಎರಡು ವಾರಕ್ಕೆ ಹೋಗಿ, ಮಕ್ಕಳ ನಡುವೆ ನಿಂತು ಫೋಟೋ ತೆಗೆಸಿಕೊಂಡು ಬರುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ಮಕ್ಕಳು ನಿಮ್ಮ ಹೆಸರು ಕಲಿಯುವಷ್ಟರಲ್ಲಿ ನೀವು ವಿಮಾನ ಹತ್ತಿರುತ್ತೀರಿ. ಕಲಿಸುವವರಿಗೆ ಅಲ್ಲಿ ದೊಡ್ಡ ಗೌರವ ಇದೆ. ದೇಶ ಕಟ್ಟಿದ ಜೂಲಿಯಸ್ ನೈರೇರೆ ಶಾಲಾ ಮಾಸ್ತರರಾಗಿದ್ದವರು. ಅವರನ್ನು ಜನ ಇಂದಿಗೂ ಮ್ವಾಲಿಮು ಅಂತಲೇ ನೆನೆಯುತ್ತಾರೆ. ಸರಕಾರಿ ಹೈಸ್ಕೂಲಿನ ಮೊದಲ ನಾಲ್ಕು ವರ್ಷಕ್ಕೂ 2016ರಿಂದ ಫೀ ತೆಗೆದಿದ್ದಾರೆ. ಆದರೆ ಪ್ರೈಮರಿ ಪೂರ್ತಿ ಸ್ವಾಹಿಲಿಯಲ್ಲಿ ಓದಿದ ಮಗು ಹೈಸ್ಕೂಲಿಗೆ ಹೋದ ಕೂಡಲೇ ಇಂಗ್ಲಿಷಿನಲ್ಲಿ ಓದಬೇಕು. ಆ ಕಷ್ಟ ಅಲ್ಲಿನ ಟೀಚರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅದಕ್ಕೇ ಹಿಂದೆ ಕೂಡ್ರಿ ಅನ್ನೋದು.

ಉಳಿದದ್ದನ್ನು ಬೇಗ ಹೇಳಿಬಿಡ್ತೀನಿ. ಟೂರಿಸ್ಟ್ ವೀಸಾದ ಮೇಲೆ ಹೋಗಿ ಪಾಠ ಮಾಡಬೇಡಿ, ಸರಿಯಾದ ಪರ್ಮಿಟ್ ಮಾಡಿಸಿ. ಹಳದಿ ಜ್ವರದ ಲಸಿಕೆ ಬೇಕಾ ಅಂತ ಮೊದಲೇ ವಿಚಾರಿಸಿ, ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಅದರ ಸರ್ಟಿಫಿಕೇಟು ನಡೆಯುತ್ತದೆ. ಹಿರಿಯರು ಎದುರಾದರೆ ಮೊದಲು ನೀವೇ "ಶಿಕಮೋ" ಅನ್ನಿ. ಎರಡು ಗಂಟೆಗೆ ಬನ್ನಿ ಅಂದರೆ ಮಧ್ಯಾಹ್ನ ಹೋಗಬೇಡಿ. ಅಲ್ಲಿ ಹೊತ್ತು ಹುಟ್ಟಿದಾಗಿನಿಂದ ಗಂಟೆ ಎಣಿಸುತ್ತಾರೆ, ನಮ್ಮ ಹಿಂದಿನವರು ಗಳಿಗೆ ಎಣಿಸಿದ ಹಾಗೆ. ಅವರ ಬೆಳಗಿನ ಎರಡು ಅಂದರೆ ನಮ್ಮ ಎಂಟು. ಭಾಷೆಗೆ ಹೆದರಬೇಡಿ. ಸಾಬೂನಿಗೆ ಅವರು ಸಬುನಿ ಅಂತಾರೆ, ದುಕಾನಕ್ಕೆ ದುಕಾ, ನಮ್ಮ ಹಿಸೇಬಿಗೆ ಹೆಸಾಬು.

ಮತ್ತೆ, ಅಷ್ಟು ದೂರ ಹೋಗುವ ಮೊದಲು ಇಲ್ಲೇ ರೂಢಿ ಮಾಡಿಕೊಳ್ಳಿ. ವಿಜಯಪುರ ಜಿಲ್ಲೆಯ ಯಾವುದಾದರೂ ತಾಂಡಾದ ಸರಕಾರಿ ಶಾಲೆಗೆ ಹೋಗಿ. ಮನೆಯಲ್ಲಿ ಲಂಬಾಣಿ ಮಾತು, ಶಾಲೆಯಲ್ಲಿ ಕನ್ನಡ. ಅಪ್ಪ ಅವ್ವ ಗುಳೆ ಹೋದರೆ ಎಷ್ಟೋ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಸೋಮವಾರ ಪ್ರಾರ್ಥನೆಗೆ ಮುಂಚೆ ಹೋಗಿ ಹೆಡ್‌ಮಾಸ್ತರರನ್ನು ಕೇಳಿ, "ಒಂದ್ ತಿಂಗಳ ಹಿಂದ ಕುಂತು ನೋಡ್ತೀನ್ರಿ ಸರ್, ಜಾಗಾ ಕೊಡ್ರಿ" ಅಂತ.

ನಮಸ್ಕಾರ.