ಹಸುಗೂಸಿನ ಕಾಮಾಲೆ ಮತ್ತು ಸೆರೆಬ್ರಲ್ ಪಾಲ್ಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಬಿದ್ದು ಮೈಕೈಗಳ ಹಿಡಿತ ತಪ್ಪುವುದೇ ಸೆರೆಬ್ರಲ್ ಪಾಲ್ಸಿ. ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ಇಬ್ಬರಲ್ಲಿ ಇದು ಕಾಣುತ್ತದೆ.

'ಹುಟ್ಟಿದಾಗ ಅಳಲಿಲ್ಲ, ಅದಕ್ಕೇ ಹೀಗಾಯ್ತು' ಎನ್ನುವವರೇ ಹೆಚ್ಚು. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ ಕೂಡ ಕಷ್ಟದ ಹೆರಿಗೆಯತ್ತಲೇ ಬೆರಳು ತೋರಿಸಿದ್ದರು. ಹೆರಿಗೆ ಕಷ್ಟವಾಗುವುದಕ್ಕೇ ಗರ್ಭದಲ್ಲಿನ ತೊಂದರೆ ಕಾರಣವಿರಬಹುದು ಎಂದವರು ವಿಯೆನ್ನಾದ ನರವೈದ್ಯ ಸಿಗ್ಮಂಡ್ ಫ್ರಾಯ್ಡ್, 1897ರಲ್ಲಿ. ಉಸಿರುಗಟ್ಟುವಿಕೆಯ ಪಾಲು ನಮ್ಮ ದೇಶದಲ್ಲಿ ಇಂದಿಗೂ ದೊಡ್ಡದೇ. ಆದರೂ ದಿನ ತುಂಬದ ಹೆರಿಗೆ, ಗರ್ಭಿಣಿಗೆ ತಗಲುವ ಸೋಂಕು, ವಂಶವಾಹಿ ದೋಷ, ಹುಟ್ಟಿದ ಮೇಲಿನ ಮಿದುಳು ಜ್ವರ, ತೀವ್ರ ಕಾಮಾಲೆ, ಇವೆಲ್ಲ ಕಾರಣಗಳೇ.

ಇವುಗಳಲ್ಲಿ ಕಾಮಾಲೆಯ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಅದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಹುಟ್ಟಿದ ಎರಡು ಮೂರನೇ ದಿನ ಕೂಸು ತುಸು ಹಳದಿಯಾಗುವುದು ಸಹಜ. ಮೊದಲ 24 ಗಂಟೆಯಲ್ಲೇ ಹಳದಿಯಾದರೆ, ಅಥವಾ ಅಂಗೈ ಅಂಗಾಲಿಗೂ ಹಳದಿ ಇಳಿದರೆ, ಅಂದೇ ಆಸ್ಪತ್ರೆಗೆ ಒಯ್ಯಿರಿ. ಮೈ ಹಳದಿಯಾಗಿಸುವ ಬಿಲಿರುಬಿನ್ ಎಂಬ ವಸ್ತು ಮಿತಿಮೀರಿದರೆ ರಕ್ತದಿಂದ ಮಿದುಳಿನ ಆಳಕ್ಕೆ ಇಳಿದು, ಚಲನೆಯನ್ನು ಹದದಲ್ಲಿಡುವ ಭಾಗಗಳನ್ನೇ ಕೆಡಿಸುತ್ತದೆ.

ಬಾಣಂತಿ ಕೋಣೆಯ ಮಬ್ಬುಗತ್ತಲೆಯಲ್ಲಿ ಹಳದಿ ಕಾಣುವುದಿಲ್ಲ. ಕೂಸನ್ನು ಹಗಲು ಬೆಳಕಿಗೆ ತಂದು, ಹಣೆ, ಎದೆ, ಕಾಲುಗಳನ್ನು ಬೆರಳಿನಿಂದ ಒತ್ತಿ ಬಿಟ್ಟು ಚರ್ಮದ ಬಣ್ಣ ನೋಡಿ. ಮೂರನೇ ಮತ್ತು ಏಳನೇ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ತೋರಿಸಿ. ಬೆಳಗಿನ ಎಳೆಬಿಸಿಲನ್ನು ನಂಬಿ ಕೂರಬೇಡಿ, ತೀವ್ರ ಕಾಮಾಲೆಗೆ ಅದು ಸಾಲದು. ಆಸ್ಪತ್ರೆಯ ನೀಲಿ ಬೆಳಕಿನಡಿ, ಕಣ್ಣಿಗೆ ಪಟ್ಟಿ ಕಟ್ಟಿ ಬರಿಮೈಯಲ್ಲಿ ಮಲಗಿಸಬೇಕು. ಎದೆಹಾಲು ನಿಲ್ಲಿಸಬಾರದು.

ತಾಯಿಯ ರಕ್ತ ನೆಗೆಟಿವ್, ಕೂಸಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಬೇಕು. ಅದು ಮುಂದಿನ ಮಗುವನ್ನು ತೀವ್ರ ಕಾಮಾಲೆಯಿಂದ ಕಾಯುತ್ತದೆ. ಇನ್ನೊಂದು ಮಾತು: ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆಯ ಬಟ್ಟೆಯನ್ನು ಕೂಸಿಗೆ ಸುತ್ತಲೇಬೇಡಿ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದರ ನಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು, ಕಾಮಾಲೆಯನ್ನು ಒಮ್ಮೆಲೇ ಏರಿಸುತ್ತದೆ.

ಕೂಸು ಮಂಕಾಗಿ ಹಾಲು ಚೀಪದಿದ್ದರೆ, ಕೀರಲು ದನಿಯಲ್ಲಿ ಅತ್ತು ಬೆನ್ನು ಬಿಲ್ಲಿನಂತೆ ಬಾಗಿಸಿದರೆ, ಬಿಲಿರುಬಿನ್ನಿನ ವಿಷ ಮಿದುಳಿಗೆ ತಾಗಿದೆ ಎಂದೇ ತಿಳಿಯಿರಿ. ಆಗ ರಕ್ತ ಬದಲಾವಣೆಯೇ ಬೇಕಾಗಬಹುದು. ಹೀಗೆ ಪೆಟ್ಟು ತಿಂದ ಮಕ್ಕಳ ಕೈಕಾಲು ತಾವಾಗಿ ತಿರುಚಿಕೊಳ್ಳುತ್ತವೆ, ಮಾತು ತೊದಲುತ್ತದೆ. ಬುದ್ಧಿ ಮಾತ್ರ ಎಷ್ಟೋ ಸಲ ಚುರುಕಾಗಿಯೇ ಇರುತ್ತದೆ, ಅವರನ್ನು ದಡ್ಡರೆಂದು ಶಾಲೆಯಿಂದ ದೂರವಿಡುವುದು ಅನ್ಯಾಯ. ಇಂಥ ಮಕ್ಕಳಲ್ಲಿ ಕೇಳುವ ನರವೂ ಕೆಟ್ಟಿರಬಹುದು. ಹುಟ್ಟಿದಾಗ ಮಾಡುವ ಓಎಇ ಎಂಬ ಶ್ರವಣ ಪರೀಕ್ಷೆ ಒಳಕಿವಿಯನ್ನಷ್ಟೇ ನೋಡುವುದರಿಂದ, ಕಾಮಾಲೆ ವಿಪರೀತವಾಗಿದ್ದ ಮಗುವಿಗೆ ಕೇಳುವ ನರವನ್ನೂ ನೋಡುವ ಬೆರಾ ಪರೀಕ್ಷೆಯನ್ನೂ ಕೇಳಿ ಮಾಡಿಸಿ.